ರಿಫ್ಟಿಯ ಕೊಳವೆಹುಳುವಿನ ವರ್ಗಸ್ಥಾನ

1977ರಲ್ಲಿ ಗಲಾಪಗೋಸ್ ದ್ವೀಪಗಳ ಸಮೀಪದಲ್ಲಿ, ಸಾಗರತಳದ ಬಿಸಿನೀರಿನ ಬುಗ್ಗೆಗಳ ಬಳಿ ಕಂಡುಬಂದ ದೈತ್ಯ ಕೊಳವೆಹುಳುವನ್ನು 1981ರಲ್ಲಿ ಜೋನ್ಸ್ ಎಂಬ ವಿದ್ವಾಂಸರು ರಿಫ್ಟಿಯ ಪ್ಯಾಕಿಪ್ಟಿಲ ಎಂದು ಹೆಸರಿಸಿದರು. 1985ರಲ್ಲಿ ಅವರೇ ಇದರ ಗುಂಪನ್ನು ವೆಸ್ಟಿಮೆಂಟಿಫೆರ ಎಂಬ ಪ್ರತ್ಯೇಕ ವಂಶವೆಂದು ಪರಿಗಣಿಸಿದರು.

ಬೆಳೆದ ಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ದೇಹದೊಳಗೆ ನೆಲೆಸಿದ ಬ್ಯಾಕ್ಟೀರಿಯಗಳೇ ಅದನ್ನು ಪೋಷಿಸುತ್ತವೆ. ಆದರೆ ಅಂಗಲೋಪವೊಂದರಿಂದಲೇ ಬಂಧುತ್ವವನ್ನು ನಿರ್ಣಯಿಸಲಾಗದೆಂಬುದನ್ನು ನಾವು ಮರೆಯಬಾರದು. ಎಳೆಯ ಹುಳುವಿನಲ್ಲಿ ಬಾಯಿಯೂ ಕರುಳೂ ಕೆಲಕಾಲ ಇದ್ದು ಅನಂತರ ಮಾಯವಾಗುತ್ತವೆ. ದೇಹದ ಹಿಂತುದಿಯಾದರೋ ಖಂಡಖಂಡವಾಗಿದ್ದು ಬಿರುಗೂದಲುಗಳನ್ನು ಹೊಂದಿದೆ. ಇವು ನಮ್ಮ ಎರೆಹುಳು ಸೇರಿರುವ ಅನೆಲಿಡ ವಂಶದ ಲಕ್ಷಣಗಳು. ಡಿಎನ್‌ಎ ಪರೀಕ್ಷೆಗಳೂ ಇದನ್ನೇ ಸಮರ್ಥಿಸಿವೆ.

ಆದುದರಿಂದ ಒಮ್ಮೆ ವಂಶವೆನಿಸಿದ್ದ ಈ ಗುಂಪು, ಕೊಲೆರಿಯವರು 1914ರಲ್ಲಿಯೇ ಹೆಸರಿಸಿದ್ದ ಸಿಬೊಗ್ಲಿನಿಡೆ ಎಂಬ ಅನೆಲಿಡ ಕುಟುಂಬದಲ್ಲಿ ಇಂದು ಅಡಕವಾಗಿದೆ.