ಗುಂಡಿಗಳಿಲ್ಲದ ಲಿಫ್ಟ್

ಇಬ್ಬರು ಗಂಡಸರು ಲಿಫ್ಟಿನೊಳಗೆ ಬರುತ್ತಾರೆ. ಅವರು ಹೋಗಬೇಕಾದದ್ದು ಹನ್ನೊಂದನೆಯ ಮಹಡಿಗೆ. ಒತ್ತೋಣವೆಂದರೆ ಗುಂಡಿಗಳೇ ಇಲ್ಲ. ಬಾಯಲ್ಲಿ ಹೇಳಿದರೆ ಕೇಳಿಸಿಕೊಂಡು ಒಯ್ಯುವ ಹೊಸ ಬಗೆಯ ಯಂತ್ರವದು. ಒಬ್ಬ ‘ಎಲೆವೆನ್’ ಎನ್ನುತ್ತಾನೆ. ಯಂತ್ರಕ್ಕೆ ತಿಳಿಯುವುದಿಲ್ಲ. ಇಬ್ಬರೂ ನಿಧಾನವಾಗಿ ಹೇಳುತ್ತಾರೆ, ಗಟ್ಟಿಯಾಗಿ ಹೇಳುತ್ತಾರೆ, ಇಂಗ್ಲೆಂಡಿನವರಂತೆ, ಅಮೆರಿಕದವರಂತೆ ನುಡಿದು ನೋಡುತ್ತಾರೆ. ಲಿಫ್ಟ್ ಮಾತ್ರ ಸಭ್ಯ ದನಿಯಲ್ಲಿ, ದಯವಿಟ್ಟು ಸ್ಪಷ್ಟವಾಗಿ ಹೇಳಿರೆಂದು ಮತ್ತೆ ಮತ್ತೆ ಕೇಳುತ್ತದೆ. ಕೊನೆಗೆ ಇಬ್ಬರೂ ರೊಚ್ಚಿಗೆದ್ದು ‘ಸ್ಕಾಟ್ಲೆಂಡ್’, ‘ಸ್ವಾತಂತ್ರ್ಯ’ ಎಂದು ಕಿರುಚತೊಡಗುತ್ತಾರೆ.

ಇದು ಬಿಬಿಸಿ ಸ್ಕಾಟ್ಲೆಂಡ್ ಪ್ರಸಾರ ಮಾಡಿದ ‘ಬರ್ನಿಸ್ಟನ್’ ಎಂಬ ಹಾಸ್ಯ ಸರಣಿಯ ಒಂದು ತುಣುಕು. ರಾಬರ್ಟ್ ಫ್ಲಾರೆನ್ಸ್ ಮತ್ತು ಇಯನ್ ಕಾನೆಲ್ ಬರೆದು ನಟಿಸಿದ ಈ ಕಾರ್ಯಕ್ರಮ 2009ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2010ರಿಂದ 2012ರವರೆಗೆ ಮೂರು ಸರಣಿಗಳಲ್ಲಿ ಬಂತು. ಬರ್ನಿಸ್ಟನ್ ಯಾವ ಭೂಪಟದಲ್ಲೂ ಇಲ್ಲದ, ಗ್ಲಾಸ್ಗೋ ಆಸುಪಾಸಿನದೆಂದು ಊಹಿಸಿಕೊಳ್ಳಬೇಕಾದ ಊರು. ಊರು ಕಲ್ಪಿತವಾದರೂ ಮಾತು ಮಾತ್ರ ಅಪ್ಪಟ ಗ್ಲಾಸ್ಗೋದ್ದು.

ಕೆಲವು ವರ್ಷಗಳ ಹಿಂದೆ ಗ್ಲಾಸ್ಗೋದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯ ಇದನ್ನು ತೋರಿಸಿದರು. ಮನೆಯವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರೆ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದ ನನಗೆ ಅರ್ಧದಷ್ಟೂ ಅರ್ಥವಾಗಲಿಲ್ಲ. ಎಂಟು ವರ್ಷದ ಮೊಮ್ಮಗ ಪಕ್ಕದಲ್ಲಿ ಕುಳಿತು ಒಂದೊಂದು ಮಾತನ್ನೂ ಬಿಡಿಸಿ ಹೇಳಬೇಕಾಯಿತು. ಎರಡನೆಯ ಬಾರಿ ನೋಡುವಾಗ ನನಗೆ ಹೊಳೆಯಿತು: ಅಲ್ಲಿ ಸಿಕ್ಕಿಕೊಂಡ ಇಬ್ಬರಲ್ಲಿ ನಾನಿಲ್ಲ, ನಾನು ಆ ಲಿಫ್ಟು.

ಸ್ಕಾಟ್ಲೆಂಡಿನವರಿಗೆ ಈ ಲಿಫ್ಟಿನ ಅನುಭವ ಹೊಸದಲ್ಲ. ಅಲ್ಲಿನ ‘ಸ್ಕಾಟ್ಸ್’ ನುಡಿಯನ್ನು ಬಹುಕಾಲ ಕೆಟ್ಟ ಇಂಗ್ಲಿಷ್ ಎಂದೇ ತಿದ್ದಲಾಗುತ್ತಿತ್ತು. ಬಿಬಿಸಿಯೇ 1926ರಲ್ಲಿ ಉಚ್ಚಾರಣೆಯ ಬಗ್ಗೆ ಸಲಹಾ ಸಮಿತಿಯೊಂದನ್ನು ನೇಮಿಸಿತು. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜಾನ್ ರೀತ್ ಸ್ವತಃ ಸ್ಕಾಟ್ಲೆಂಡಿನವರು! 2011ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಜನ ತಾವು ಸ್ಕಾಟ್ಸ್ ಆಡಬಲ್ಲೆವೆಂದು ಬರೆಸಿದರು. ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ನೀಡುವ ಮಸೂದೆಯನ್ನು ಸ್ಕಾಟ್ಲೆಂಡಿನ ಸಂಸತ್ತು ಅಂಗೀಕರಿಸಿದ್ದು 2025ರಲ್ಲಿ. ಅದಕ್ಕೆ ಮುಂಚಿನ ದೀರ್ಘ ಕಾಲದಲ್ಲಿ ಆ ನುಡಿಗೆ ಸಿಕ್ಕ ದೊಡ್ಡ ಆಸರೆಗಳಲ್ಲಿ ಹಾಸ್ಯವೂ ಒಂದು. ತಮ್ಮ ಮಾತನ್ನು ತಿದ್ದಿಕೊಳ್ಳದೆ ಪರದೆಯ ಮೇಲೆ ಕೇಳುವ ಸಂತೋಷವನ್ನು ‘ಬರ್ನಿಸ್ಟನ್’ನಂಥ ಕಾರ್ಯಕ್ರಮಗಳು ಆ ಜನರಿಗೆ ಕೊಟ್ಟವು.

ನಗೆ ಆಮೇಲೆ ನಿಜವೂ ಆಯಿತು. ಮಾತಿಗೆ ಉತ್ತರಿಸುವ ‘ಸಿರಿ’ಯನ್ನು ಆಪಲ್ ಕಂಪನಿ ತನ್ನ ಫೋನಿನಲ್ಲಿ ತಂದದ್ದು 2011ರಲ್ಲಿ, ಈ ತುಣುಕು ಬಂದ ಮರುವರ್ಷ. ಅದಕ್ಕೆ ತಮ್ಮ ಮಾತು ತಿಳಿಯುತ್ತಿಲ್ಲವೆಂದು ಸ್ಕಾಟ್ಲೆಂಡಿನವರು ದೂರಿದರು. ಯೂಟ್ಯೂಬಿನಲ್ಲಿ ತಾನಾಗಿಯೇ ಮೂಡುವ ಅಕ್ಷರಗಳಲ್ಲಿ ಸ್ಕಾಟ್ಲೆಂಡಿನವರ ಮಾತಿಗೆ ತಪ್ಪುಗಳು ಹೆಚ್ಚೆಂದು 2017ರ ಅಧ್ಯಯನವೊಂದು ಕಂಡುಕೊಂಡಿತು. 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಐದು ದೊಡ್ಡ ಕಂಪನಿಗಳ ಯಂತ್ರಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಬಿಳಿಯರ ಮಾತಿನಲ್ಲಿ ತಪ್ಪಿನ ಪ್ರಮಾಣ ಸರಾಸರಿ ಶೇ 19, ಕರಿಯರ ಮಾತಿನಲ್ಲಿ ಶೇ 35 ಇತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಹಳೆಯ ಪಾಠವೊಂದು ಕಾಣುತ್ತದೆ. ಗುಂಡಿ ತೆಗೆದದ್ದರ ಉಳಿತಾಯ ಕಟ್ಟಡದ ಮಾಲೀಕನ ಖಾತೆಗೆ ಜಮೆಯಾಗುತ್ತದೆ. ಸಿಕ್ಕಿಕೊಂಡವರ ಸಮಯ, ಅವಮಾನ ಯಾವ ಖಾತೆಯಲ್ಲೂ ನಮೂದಾಗುವುದಿಲ್ಲ. ತಪ್ಪಿನ ವೆಚ್ಚ ತಪ್ಪು ಮಾಡಿದವನ ಮೇಲೆ ಬೀಳದಿದ್ದಾಗ ಆ ತಪ್ಪು ತಿದ್ದಿಕೊಳ್ಳುವುದಿಲ್ಲ. ಯಂತ್ರವಂತೂ ತನ್ನ ಕಿವಿಯ ದೋಷವನ್ನು ಎದುರಿನವರ ನಾಲಿಗೆಯ ದೋಷವೆಂದೇ ಹೇಳುತ್ತದೆ, ಅದೂ ವಿನಯದಿಂದ.

ಈ ವಿನಯದ ಪರಿಚಯ ನನಗಿದೆ. 1990ರ ದಶಕದ ಕೊನೆಯಲ್ಲಿ ಉತ್ತರ ಕರ್ನಾಟಕದ ಕಚೇರಿಯೊಂದರ ಹೊಣೆ ನನ್ನದಾಗಿತ್ತು. ವಿಧವಾ ವೇತನಕ್ಕೆ ಬರುವ ಹೆಂಗಸರು ಗುಮಾಸ್ತರ ಮುಂದೆ ಬಾಯಲ್ಲಿ ಹೇಳುತ್ತಿದ್ದರು, ಅವರು ಬರೆದುಕೊಳ್ಳುತ್ತಿದ್ದರು. ಇದರಿಂದ ಅಕ್ರಮಕ್ಕೆ ಆಸ್ಪದ, ಕಾಲಹರಣ ಬೇರೆ ಎಂದು ಭಾವಿಸಿ, ಮುದ್ರಿತ ನಮೂನೆಯಲ್ಲಿ ಬಂದ ಅರ್ಜಿಗಳನ್ನಷ್ಟೇ ಸ್ವೀಕರಿಸತಕ್ಕದ್ದೆಂದು ಆದೇಶ ಹೊರಡಿಸಿದೆ. ನಮೂನೆಯ ಭಾಷೆ ಶುದ್ಧ ಗ್ರಾಂಥಿಕ ಕನ್ನಡ; ನಾನೇ ಮುತುವರ್ಜಿಯಿಂದ ತಿದ್ದಿದ್ದೆ. ಎರಡೇ ತಿಂಗಳಲ್ಲಿ ಅರ್ಜಿಗಳು ಇಳಿದವು. ಬಾಕಿ ಕಡತಗಳು ಗಣನೀಯವಾಗಿ ಕಡಿಮೆಯಾಗಿವೆಯೆಂದು ಮೇಲಕ್ಕೆ ವರದಿ ಕಳಿಸಿದೆ, ಮೆಚ್ಚುಗೆಯೂ ಬಂತು.

ಒಂದು ದಿನ ವಯಸ್ಸಾದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು, “ಸಾಹೇಬ್ರ, ನಮ್ಮ ಮಾತು ನಿಮ್ಮ ಕಾಗದಕ್ಕ ತಿಳಿಯಂಗಿಲ್ರಿ” ಎಂದರು. ಸೊಗಸಾದ ಮಾತೆಂದು ಅದನ್ನು ಆ ಸಂಜೆ ಸಹೋದ್ಯೋಗಿಗಳಿಗೆ ಹೇಳಿ ನಗಿಸಿದೆ. ಆದೇಶವನ್ನು ಮಾತ್ರ ಬದಲಿಸಲಿಲ್ಲ. ಆ ಎರಡು ತಿಂಗಳಲ್ಲಿ ಬಾರದೆ ಉಳಿದವರು ಯಾರು, ಅವರ ಗತಿ ಏನಾಯಿತೆಂದು ವಿಚಾರಿಸಲೂ ಇಲ್ಲ. ಗುಂಡಿ ಕಿತ್ತವನು ನಾನೇ ಎಂಬುದು ತಿಳಿಯಲು ಗ್ಲಾಸ್ಗೋದ ಒಂದು ಹಾಸ್ಯ ಬೇಕಾಯಿತು.

ಇಂದು ಸರ್ಕಾರದ ಸಹಾಯವಾಣಿಗಳಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲ ಕಡೆಯೂ ಯಂತ್ರಗಳು ಕನ್ನಡವನ್ನು ಕೇಳಿಸಿಕೊಳ್ಳಲು ಕಲಿಯುತ್ತಿವೆ. ಇದು ಸ್ವಾಗತಾರ್ಹವೇ. ಅಕ್ಷರ ಬಾರದವರಿಗೆ ಮಾತೇ ಬಾಗಿಲಾಗುವುದಾದರೆ ನನ್ನ ಮುದ್ರಿತ ನಮೂನೆಗಿಂತ ಅದು ಎಷ್ಟೋ ಮೇಲು. ಆದರೆ ಯಾರ ಕನ್ನಡ? ಮಂಡ್ಯದ ರೈತರೊಬ್ಬರು ‘ಅನ್ನೊಂದು’ ಎಂದರೆ, ಧಾರವಾಡದ ಅಜ್ಜಿಯೊಬ್ಬರು ‘ಹನ್ನೊಂದ’ ಎಂದರೆ ಯಂತ್ರಕ್ಕೆ ಹನ್ನೊಂದೇ ಕೇಳಿಸಬೇಕು. ಪುಸ್ತಕದ ಕನ್ನಡವನ್ನಷ್ಟೇ ಕಲಿತ ಯಂತ್ರ ನನ್ನ ಆದೇಶದ ಹೊಸ ಆವೃತ್ತಿಯಾಗುತ್ತದೆ, ಅಷ್ಟೆ.

ಆದ್ದರಿಂದ ಸಾರ್ವಜನಿಕ ಸೇವೆಗೆ ಇಂಥ ಯಂತ್ರ ಕೊಳ್ಳುವ ಅಧಿಕಾರಿಗಳಲ್ಲಿ ಎರಡು ವಿನಂತಿ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ರಾಜ್ಯದ ನಾಲ್ಕು ದಿಕ್ಕಿನ ಜನರನ್ನು ಅದರ ಮುಂದೆ ನಿಲ್ಲಿಸಿ, ಯಾರ ಮಾತಿಗೆ ಎಷ್ಟು ತಪ್ಪೆಂಬುದನ್ನು ಪ್ರಕಟಿಸಬೇಕು. ಎರಡನೆಯದಾಗಿ, ಯಂತ್ರ ಎಷ್ಟೇ ಜಾಣವಾಗಿದ್ದರೂ ಒಂದು ಗುಂಡಿಯನ್ನು ಉಳಿಸಬೇಕು. ಅದನ್ನು ಒತ್ತಿದರೆ ಮನುಷ್ಯರೊಬ್ಬರ ದನಿ ಕೇಳಬೇಕು.

ಗ್ಲಾಸ್ಗೋದಲ್ಲಿ ಒಮ್ಮೆ ಬಸ್ಸು ಹತ್ತಿ ನಾನು ಇಳಿಯಬೇಕಾದ ನಿಲ್ದಾಣದ ಹೆಸರು ಹೇಳಿದೆ. ಚಾಲಕನಿಗೆ ತಿಳಿಯಲಿಲ್ಲ, ಆತ ಮರಳಿ ಕೇಳಿದ್ದು ನನಗೂ ತಿಳಿಯಲಿಲ್ಲ. ಮೂರು ಸಲ ಹೀಗಾದ ಮೇಲೆ ಆತ ನಕ್ಕು, ಪೆನ್ನೊಂದನ್ನು ನನ್ನ ಕೈಗಿತ್ತ. ಬರೆದು ತೋರಿಸಿದೆ. ಹಿಂದೆ ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ. ನಿಲ್ದಾಣ ಬಂದಾಗ ಆತನೇ ತಿರುಗಿ ಕೈ ಸನ್ನೆ ಮಾಡಿದ.