ಏಳು ತಂತಿ, ನಾಲ್ಕು ತಲೆಮಾರು

1950ರ ಮೇ 22ರಂದು, ನಾವೀಗ ಇರುವ ಇದೇ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್ ರಚಿಸಿದ ಕೊನೆಯ ನಾಲ್ಕು ಗೀತೆಗಳನ್ನು ಮೊಟ್ಟಮೊದಲ ಬಾರಿಗೆ ಹಾಡಲಾಯಿತು. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಗೆ ಹಣದ ಭರವಸೆ ಕೊಟ್ಟು ಬೆನ್ನಿಗೆ ನಿಂತವರು ಮೈಸೂರಿನ ಮಹಾರಾಜರಾದ ಜಯಚಾಮರಾಜ ಒಡೆಯರ್. ಅದನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬ ಏರ್ಪಾಡೂ ಇತ್ತು. ಅರಮನೆಯ ಸಂಗ್ರಹದಲ್ಲಿ ಆ ಹೊತ್ತಿಗೆ ಸುಮಾರು 20,000 ಗ್ರಾಮಫೋನ್ ತಟ್ಟೆಗಳಿದ್ದವೆಂದು ಅಂದಾಜು. ಗೋಲ್ಡರ್ಸ್ ಗ್ರೀನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತಕಾರ ಮೆಟ್ನರ್ ಅವರ ಕೃತಿಗಳು ಎಚ್‌ಎಂವಿ ತಟ್ಟೆಗಳಲ್ಲಿ ಉಳಿದದ್ದೂ ಒಡೆಯರ ಹಣದಿಂದಲೇ. ಕರ್ನಾಟಕ ಸಂಗೀತದಲ್ಲಿ ತಾವೇ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು ಅವರು. ಲಂಡನ್ನಿನ ಸಂಗೀತ ಮೈಸೂರಿಗೆ ಹೋದ ಈ ದಾರಿಯನ್ನು ಇಲ್ಲಿನ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು.

ನಮ್ಮ ಮನೆಯ ತಟ್ಟೆಗಳು ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಬಂದವು. ಮೈಸೂರಿನಿಂದ ಲಂಡನ್ನಿಗೆ, ಹತ್ತಿ ಸೀರೆಗಳ ಮಡಿಕೆಯೊಳಗೆ, ಒಡೆಯದಂತೆ. ಹೆಚ್ಚಿನವು ಪಿಟೀಲಿನವು, ಇಲ್ಲವೇ ಪಿಟೀಲಿಗಾಗಿ ನಮ್ಮ ತಾತ ಕೊಂಡ ಹಾಡುಗಾರಿಕೆಯವು.

ತಾತನ ಊರು ತಿರುಮಕೂಡಲು ನರಸೀಪುರದ ಕಡೆ. ಕಾವೇರಿ, ಕಪಿಲೆ ಕೂಡುವ ಜಾಗ. ಅಲ್ಲಿಯವರಿಗೆ ಪಿಟೀಲೆಂದರೆ ಚೌಡಯ್ಯನವರು. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಹುಡುಗ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಮನೆಯಲ್ಲಿ ಗುರುಕುಲವಾಸ ಮಾಡಿ, ದಕ್ಷಿಣದ ದೊಡ್ಡ ಗಾಯಕರೆಲ್ಲ ಕೇಳಿ ಪಡೆಯುವ ಪಕ್ಕವಾದ್ಯಗಾರರಾದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿ ಬಂತು. ತಮ್ಮ ರಚನೆಗಳಿಗೆ ಅವರು ಇಟ್ಟುಕೊಂಡ ಅಂಕಿತ ‘ತ್ರಿಮಕುಟ’. ಹುಟ್ಟಿದ ಊರನ್ನು ಅಲ್ಲಿಯೂ ಬಿಡಲಿಲ್ಲ.

ಅವರ ಏಳು ತಂತಿಯ ಪಿಟೀಲನ್ನು ಇಲ್ಲಿ ಬೆಳೆದ ಮಕ್ಕಳಿಗೆ ವಿವರಿಸಿ ಹೇಳಬೇಕು. ಆಗ ಮೈಕು ಇರಲಿಲ್ಲ. ಉತ್ಸವದ ಚಪ್ಪರದಲ್ಲಿ ಸಾವಿರಾರು ಜನ ಕೂತರೆ ಪಿಟೀಲಿನ ನಾದ ಕಡೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ಮಾಮೂಲಿನ ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಬಿಗಿದರು. ಕಮಾನು ಒಮ್ಮೆ ಹಾಯಿಸಿದರೆ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಏಳುತ್ತಿತ್ತು. ಹೇಳಲು ಸುಲಭ. ಆದರೆ ಬೆರಳು ಜೋಡಿ ತಂತಿಯ ಮೇಲೆ ಕೂದಲೆಳೆಯಷ್ಟು ಸರಿದರೂ ಎರಡು ಸ್ವರಗಳು ಒಂದಕ್ಕೊಂದು ಜಗಳವಾಡುತ್ತವೆ. ಆ ವಾದ್ಯದಲ್ಲಿ ಗಮಕವನ್ನು ಶುದ್ಧವಾಗಿ ಎಳೆಯುವುದು ದೊಡ್ಡ ಸಾಧನೆಯೇ ಸರಿ. ಅವರ ನಂತರ ರುದ್ರಪಟ್ಟಣದ ಆರ್. ಆರ್. ಕೇಶವಮೂರ್ತಿಗಳು ಏಳು ತಂತಿಯನ್ನು ಮುಂದುವರಿಸಿದರು. ಬೆಂಗಳೂರಿನಲ್ಲಿ 1980ರಲ್ಲಿ ಎದ್ದ ಚೌಡಯ್ಯ ಸ್ಮಾರಕ ಭವನದ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ತಪ್ಪದೆ ತೋರಿಸಿ.

ತಾತನಿಗೆ ಎಲ್ಲ ಕಛೇರಿಗೂ ಹೋಗುವಷ್ಟು ಅನುಕೂಲವಿರಲಿಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಆಕಾಶವಾಣಿ ಮತ್ತು ಗ್ರಾಮಫೋನು, ಇವೆರಡೇ ಅವರ ಸಂಗೀತ ಸಭೆ. ಅರಗಿನ 78ರ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ, ಹೆಚ್ಚೆಂದರೆ ಇನ್ನೊಂದರ್ಧ ನಿಮಿಷ. ಅಷ್ಟರಲ್ಲೇ ಪಲ್ಲವಿ, ಅನುಪಲ್ಲವಿ, ಚರಣ, ನಾಲ್ಕು ಆವರ್ತ ಸ್ವರ. ಪಿಟೀಲಿಗೆ ಸಿಗುತ್ತಿದ್ದದ್ದು ಗಾಯಕರು ಉಸಿರು ತೆಗೆದುಕೊಳ್ಳುವ ಸಂದು. ಆ ಸಂದಿನಲ್ಲಿ ರಾಗದ ಪೂರ್ತಿ ಮುಖ ತೋರಿಸಬಲ್ಲವರು ಇದ್ದರು. ಮೂರು ನಿಮಿಷದ ಆ ಕಟ್ಟು ನಮ್ಮ ವಿದ್ವಾಂಸರಿಂದ ಹೊರತೆಗೆದ ಅಡಕ ಎಷ್ಟೋ ದೀರ್ಘ ಕಛೇರಿಗಳಲ್ಲಿ ಸಿಗುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ ತಾತನನ್ನು ಜೀವನಪೂರ್ತಿ ಕಾಡಿತು. ಎಷ್ಟೋ ತಟ್ಟೆಗಳ ಲೇಬಲ್ಲಿನ ಮೇಲೆ ಗಾಯಕರ ಹೆಸರಿದೆ, ರಾಗ ತಾಳಗಳಿವೆ, ಪಿಟೀಲು ಯಾರದೆಂದು ಬರೆದೇ ಇಲ್ಲ. ತಾತ ಹೊಸ ತಟ್ಟೆ ತಂದರೆ ಕೇಳಿ, ಮತ್ತೆ ಕೇಳಿ, ಬೇಕಾದರೆ ಪರಿಚಯದ ವಿದ್ವಾಂಸರನ್ನು ಮನೆಗೆ ಕರೆದು ಕಾಫಿ ಕೊಟ್ಟು ಕೇಳಿಸಿ, ಗೊತ್ತಾದ ಹೆಸರನ್ನು ಕಾಗದದ ಕವಚದ ಮೇಲೆ ಸೀಸದ ಕಡ್ಡಿಯಲ್ಲಿ ಬರೆಯುತ್ತಿದ್ದರು. “ಅವರ ಕೈ ಕೇಳಿಸ್ತಿದೆ ಕಣೋ, ಹೆಸರು ಬೇಡವಾ?” ಎಂದು ಅಪ್ಪನಿಗೆ ಹೇಳುತ್ತಿದ್ದರಂತೆ. ಖಚಿತವಾಗದಿದ್ದರೆ ಜಾಗ ಖಾಲಿ ಬಿಡುತ್ತಿದ್ದರು, ಊಹೆಯ ಹೆಸರು ಬರೆಯುತ್ತಿರಲಿಲ್ಲ. ಆ ಕವಚಗಳು ನಮಗೆ ತಟ್ಟೆಗಳಷ್ಟೇ ಬೆಲೆಯುಳ್ಳವು.

ಹೀಗೆ ನಮ್ಮ ಮನೆಯಲ್ಲಿ ಕೈ ಗುರುತು ಹಿಡಿಯುವುದೊಂದು ಅಭ್ಯಾಸವಾಗಿ ಬೆಳೆಯಿತು. ಚೌಡಯ್ಯನವರ ಕಮಾನಿನಲ್ಲಿ ಭಾರವಿದೆ, ನಾದ ಎದೆಗೆ ತಾಗುತ್ತದೆ. ದ್ವಾರಂ ವೆಂಕಟಸ್ವಾಮಿ ನಾಯ್ಡುಗಳದು ಮೃದುವಾದ, ನೀಟಾದ ಎಳೆತ. ಆಂಧ್ರದ ಹೆಮ್ಮೆಯಾದ ಅವರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1893ರಲ್ಲಿ. ಪಿಟೀಲು ಪಕ್ಕದಲ್ಲಿ ಕೂರುವ ವಾದ್ಯವೆಂಬ ಭಾವನೆ ಗಟ್ಟಿಯಾಗಿದ್ದ ಕಾಲದಲ್ಲಿ ಅವರು ತನಿ ಕಛೇರಿ ಮಾಡಿ ಜನರನ್ನು ಹಿಡಿದಿಟ್ಟರು. ಲಾಲ್ಗುಡಿ ಜಯರಾಮನ್ ಅವರ ಪಿಟೀಲಿನಲ್ಲಿ ಸಾಹಿತ್ಯದ ಅಕ್ಷರಗಳೇ ಕೇಳಿಸುತ್ತವೆ. ಎಂ. ಎಸ್. ಗೋಪಾಲಕೃಷ್ಣನ್ ಒಂದೇ ತಂತಿಯ ಮೇಲೆ ಮಿಂಚಿನಂತೆ ಓಡಾಡುವಾಗ ಹಿಂದೂಸ್ತಾನಿಯ ನೆರಳು ಸುಳಿಯುತ್ತದೆ. ಟಿ. ಎನ್. ಕೃಷ್ಣನ್ ಅವರಲ್ಲಿ ಒಂದು ಸ್ವರವೂ ಹೆಚ್ಚಿಲ್ಲ. ಮೈಸೂರಿನ ನಾಗರಾಜ್, ಮಂಜುನಾಥ್ ಸೋದರರ ಜೋಡಿ ವಾದನದಲ್ಲಿ ಎರಡು ಕಮಾನು ಒಂದಾಗುವ ಗಳಿಗೆಗಳಿಗೆ ಅಮ್ಮ ಇಂದಿಗೂ ಕಾದು ಕೂರುತ್ತಾರೆ. ಅಪ್ಪನಿಗೆ ಲಾಲ್ಗುಡಿ, ಅಮ್ಮನಿಗೆ ಕೃಷ್ಣನ್. ಈ ವಾದ ಮದುವೆಯಾದ ಹೊಸದರಲ್ಲಿ ಶುರುವಾದದ್ದು ಇನ್ನೂ ಮುಗಿದಿಲ್ಲ.

ಅಪ್ಪನ ಕಾಲಕ್ಕೆ ಕ್ಯಾಸೆಟ್ಟು ಬಂತು. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಕಟ್ಟಿದ ಸಂಸ್ಥೆ ಅದು. ಪಾನಕ, ಕೋಸಂಬರಿ, ಏಪ್ರಿಲ್ಲಿನ ಸೆಕೆ, ರಾತ್ರಿಯವರೆಗೆ ಸಂಗೀತ. ರೇಡಿಯೋದಲ್ಲಿ ಬಂದ ಕಛೇರಿಗಳನ್ನು ಅಪ್ಪ ಮನೆಯಲ್ಲಿ ಹಿಡಿದಿಟ್ಟರು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವ ಹೊತ್ತಿಗೆ ಸರಿಯಾಗಿ ರಾಗಾಲಾಪನೆ ಏರುತ್ತಿತ್ತು. ತಿರುಗಿಸಿ ಹಾಕುವ ಆ ಅಂತರದಲ್ಲಿ ತಪ್ಪಿಹೋದ ಸಂಚಾರಗಳನ್ನು ಅಪ್ಪ ಈಗಲೂ ಬಾಯಲ್ಲಿ ಹಾಡಿ ತುಂಬುತ್ತಾರೆ. ಆ ಕ್ಯಾಸೆಟ್ಟುಗಳ ಅಂಚಿನಲ್ಲೂ ಮೊದಲು ಪಿಟೀಲಿನವರ ಹೆಸರು, ಆಮೇಲೆ ಗಾಯಕರದು.

ನಾವೀಗ ಇರುವುದು ಪಶ್ಚಿಮ ಲಂಡನ್ನಿನ ಹೇಯ್ಸ್‌ನಲ್ಲಿ. ಎಚ್‌ಎಂವಿ ತಟ್ಟೆಗಳ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಇದ್ದದ್ದು ಇಲ್ಲೇ. 1907ರಲ್ಲಿ ಗಾಯಕಿ ನೆಲ್ಲಿ ಮೆಲ್ಬಾ ಇದಕ್ಕೆ ಶಂಕುಸ್ಥಾಪನೆ ಮಾಡಿದರು. ಮರುವರ್ಷವೇ ಕಂಪನಿ ಕಲ್ಕತ್ತೆಯಲ್ಲೂ ತಟ್ಟೆ ಒತ್ತಲು ಶುರುಮಾಡಿತು. ಮೊದಲ ಸಲ ಬಂದಾಗ ಅಪ್ಪ ಆ ಹಳೆಯ ಕಟ್ಟಡಗಳ ಮುಂದೆ ಚಪ್ಪಲಿ ಬಿಟ್ಟು ನಿಂತರು. ದಾರಿಹೋಕರು ನೋಡಿದರು, ಅಪ್ಪ ಲಕ್ಷ್ಯ ಮಾಡಲಿಲ್ಲ.

ನನ್ನ ಮಗಳು ಶಾಲೆಯಲ್ಲಿ ನಿಂತು, ಪಿಟೀಲನ್ನು ಗದ್ದಕ್ಕೆ ಒತ್ತಿ ಹಿಡಿದು ಪಾಶ್ಚಾತ್ಯ ಪಾಠ ಕಲಿತವಳು. ವೆಸ್ಟ್ ಕೆನ್ಸಿಂಗ್ಟನ್ನಿನ ಭಾರತೀಯ ವಿದ್ಯಾಭವನದಲ್ಲಿ ನಮ್ಮ ಪದ್ಧತಿಯ ಪಾಠ ಸಿಗುತ್ತದೆಂದು ತಿಳಿದು ಸೇರಿಸಿದೆವು. ವಾದ್ಯ ಒಂದೇ, ಕೂರುವ ರೀತಿ ಬೇರೆ. ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲಪಾದದ ಮೇಲಿಟ್ಟು, ಬುಡವನ್ನು ಎಡಭುಜದತ್ತ ಎದೆಗೆ ಆನಿಸಿದರೆ ಎಡಗೈಗೆ ಹೊರುವ ಕೆಲಸ ತಪ್ಪುತ್ತದೆ. ಜಾರು, ಕಂಪಿತ ಎಲ್ಲಕ್ಕೂ ಬೇಕಾದ ಬಿಡುಗಡೆ ಅದು. ಶ್ರುತಿಯೂ ಬೇರೆ: ಶಾಲೆಯಲ್ಲಿ ತಂತಿಯಿಂದ ತಂತಿಗೆ ಒಂದೇ ಅಂತರ, ಇಲ್ಲಿ ಸ, ಪ, ಸ, ಪ. ಯುರೋಪಿನಿಂದ ಬಂದ ಈ ವಾದ್ಯವನ್ನು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕಲಿತು ನಮ್ಮದಾಗಿಸಿದರು. ಎರಡು ಶತಮಾನದ ಹಿಂದಿನ ಆ ಕಲಿಕೆ ನನ್ನ ಮಗಳಲ್ಲಿ ಮತ್ತೆ ನಡೆಯುತ್ತಿದೆ. “ಅಜ್ಜ, ಇದು ಲಾಲ್ಗುಡಿ ಅವರದಲ್ವಾ?” ಎಂದು ಅವಳು ಫೋನಿನಲ್ಲಿ ಒಂದು ತುಣುಕು ಕೇಳಿಸಿದರೆ ಅಪ್ಪನ ಆ ದಿನ ತುಂಬಿಹೋಗುತ್ತದೆ.

ಅವಳ ಶಾಲೆಯ ಪಿಟೀಲು ಮೇಷ್ಟರಿಗೆ ನಾನು ಹೇಳಿದ ಒಂದು ವಿಷಯ ತುಂಬ ಹಿಡಿಸಿತು. ಜಗತ್ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ 1952ರಲ್ಲಿ ಭಾರತಕ್ಕೆ ಬಂದಾಗ ಯೋಗ ಕಲಿತದ್ದು ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಕಲಿತ ಬಿ. ಕೆ. ಎಸ್. ಅಯ್ಯಂಗಾರರಿಂದ. ಆಮೇಲೆ ಅವರಿಗೆ ಕೊಟ್ಟ ಕೈಗಡಿಯಾರದ ಮೇಲೆ ಮೆನುಹಿನ್, ತಮ್ಮ ಅತ್ಯುತ್ತಮ ಪಿಟೀಲು ಗುರು ಇವರೇ ಎಂಬ ಅರ್ಥದ ಮಾತನ್ನು ಕೆತ್ತಿಸಿದ್ದರು.

ಈಗ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಅಟ್ಟದ ಮೇಲೂ, ಊರಿನ ಮನೆಯ ಟ್ರಂಕಿನಲ್ಲೂ ಇಂಥ ಕ್ಯಾಸೆಟ್ಟು, ಸ್ಪೂಲು, ತಟ್ಟೆಗಳು ಇರುತ್ತವೆ. ಟೇಪಿಗೆ ತೇವ ಶತ್ರು, ಬೂಷ್ಟು ಹಿಡಿದದ್ದನ್ನು ಹಾಗೇ ಯಂತ್ರಕ್ಕೆ ಹಾಕಬೇಡಿ. 78ರ ತಟ್ಟೆಯ ಗೀರು ಅಗಲ. ಎಲ್‌ಪಿಯ ಸಣ್ಣ ಮುಳ್ಳನ್ನು ಅದರ ಮೇಲೆ ಓಡಿಸಬೇಡಿ, ಅದಕ್ಕೇ ಬೇರೆ ಮುಳ್ಳು ಸಿಗುತ್ತದೆ. ಕಂಪ್ಯೂಟರಿಗೆ ಇಳಿಸುವಾಗ ವೇಗ ಸರಿಯಿದೆಯೇ ನೋಡಿ. ವೇಗ ಹೆಚ್ಚಾದರೆ ಶ್ರುತಿ ಏರಿ, ಗೊತ್ತಿರುವ ಕಂಠವೇ ಗುರುತು ಸಿಗದಂತಾಗುತ್ತದೆ. ಇದಿಷ್ಟನ್ನು ಯಾರಾದರೂ ಕಲಿತು ಮಾಡಬಹುದು, ಐದು ವರ್ಷ ಬಿಟ್ಟೂ ಮಾಡಬಹುದು.

ತಡಮಾಡಲಾಗದ ಕೆಲಸ ಹೆಸರಿನದು. ಕಿವಿಯಿಂದಲೇ ಪಿಟೀಲಿನವರನ್ನು ಗುರುತಿಸಬಲ್ಲ ಹಿರಿಯರು ಎಂಬತ್ತು, ತೊಂಬತ್ತರ ವಯಸ್ಸಿನಲ್ಲಿದ್ದಾರೆ. ನಿಮ್ಮ ತಂದೆತಾಯಿಗೋ ಸೋದರಮಾವನಿಗೋ ಈ ವಾರವೇ ಫೋನು ಮಾಡಿ ಒಂದು ಕೃತಿ ಕೇಳಿಸಿ, ಪಿಟೀಲು ಯಾರದು, ಮೃದಂಗ ಯಾರದು, ಯಾವ ಊರಿನ ಕಛೇರಿ ಎಂದು ಕೇಳಿ. ಅವರು ಹೇಳಿದ್ದನ್ನು ಕ್ಯಾಸೆಟ್ಟಿನ ಮೇಲೂ, ಕಂಪ್ಯೂಟರಿನ ಕಡತದಲ್ಲೂ ಕನ್ನಡದಲ್ಲೇ ಬರೆಯಿರಿ. ಅವರಿಗೂ ಖಚಿತವಿಲ್ಲದಿದ್ದರೆ ಜಾಗ ಖಾಲಿ ಬಿಡಿ, ಇಲ್ಲಿನ ಕನ್ನಡಿಗರ ಮುಂದಿನ ಕೂಟಕ್ಕೆ ಬರುವಾಗ ಆ ಧ್ವನಿಯನ್ನು ತನ್ನಿ. ನಮ್ಮಪ್ಪ ಫೋನಿನ ಆ ಕಡೆ ಇರುತ್ತಾರೆ, ಅಮ್ಮನೂ ಪಕ್ಕದಲ್ಲಿರುತ್ತಾರೆ. ಇಬ್ಬರೂ ಒಪ್ಪಿದ ಹೆಸರನ್ನು ಧೈರ್ಯವಾಗಿ ಬರೆದುಕೊಳ್ಳಬಹುದು.