‘ಪ್ರಿಸೈಡ್’ ಮಾಡೋದು ಅಂದ್ರೆ ಕುರ್ಚಿಯಲ್ಲಿ ಕೂರೋದಾ? ಗುಜರಾತಿ ಏನನ್ನುತ್ತೆ?

ಗುಜರಾತಿ ಪತ್ರಿಕೆಗಳಲ್ಲಿ ‘ಅಮೆರಿಕಾನಾ ಪ್ರಮುಖ್’ ಎಂಬ ಪ್ರಯೋಗ ಆಗಾಗ ಕಾಣುತ್ತದೆ. ಅಮೆರಿಕದ ಯಾರೋ ಗಣ್ಯರು ಇರಬೇಕು ಅಂತ ಕನ್ನಡಿಗರು ಮುಂದೆ ಹೋಗಿಬಿಡಬಹುದು. ಅಲ್ಲ, ಅದು ಸಾಕ್ಷಾತ್ ಅಮೆರಿಕದ ಅಧ್ಯಕ್ಷರ ಸುದ್ದಿ. ನಮ್ಮಲ್ಲಿ ಬರೀ ‘ಮುಖ್ಯ’ ಅನ್ನೋ ಅರ್ಥ ಕೊಡುವ ಪ್ರಮುಖ, ಗುಜರಾತಿಯಲ್ಲಿ ಒಂದು ಹುದ್ದೆ. ಜಿಲ್ಲಾ ಪಂಚಾಯತ್‌ಗೂ ನಗರಪಾಲಿಕೆಗೂ ಪಕ್ಷದ ರಾಜ್ಯ ಘಟಕಕ್ಕೂ ಅಲ್ಲಿ ಪ್ರಮುಖ್ ಇರುತ್ತಾರೆ. ವಿಧಾನಸಭೆಯ ಸ್ಪೀಕರ್ ಮಾತ್ರ ಅಧ್ಯಕ್ಷ್. ಹಳ್ಳಿಯಲ್ಲಿ ಇವೆರಡೂ ಅಲ್ಲ, ಸರಪಂಚ್.

ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಇವರೆಲ್ಲ ಸಭೆಯಲ್ಲಿ ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿರುವ ‘ಪ್ರಿಸೈಡ್’ ಎಂಬ ಕ್ರಿಯಾಪದವನ್ನು ಗುಜರಾತಿಗೆ ತರಲು ಕೂತಾಗ ಕಷ್ಟ ಶುರುವಾಗುತ್ತೆ.

ನಿಘಂಟಿನ ಮಟ್ಟಿಗೆ ಉತ್ತರ ಸುಲಭ. ‘ಪ್ರಮುಖಸ್ಥಾನ ಲೇವುಂ’, ಅಂದರೆ ಪ್ರಮುಖರ ಸ್ಥಾನ ತೆಗೆದುಕೊಳ್ಳುವುದು. ಸರ್ಕಾರಿ ಪ್ರಕಟಣೆಗಳಿಗೆ ಪ್ರಿಯವಾದದ್ದು ‘ಅಧ್ಯಕ್ಷಸ್ಥಾನೇ’: ಮುಖ್ಯಮಂತ್ರಿಯವರ ಅಧ್ಯಕ್ಷಸ್ಥಾನೇ ಬೈಠಕ್ ನಡೆಯಿತು, ಇತ್ಯಾದಿ. ವೇದಿಕೆ ಕಾರ್ಯಕ್ರಮವಾದರೆ ಆ ಸ್ಥಾನವನ್ನು ‘ಶೋಭಾವವುಂ’, ಶೋಭೆಗೊಳಿಸುವುದು. ಗಮನಿಸಿ, ಎಲ್ಲದರಲ್ಲೂ ಒಂದು ಜಾಗ ಇದೆ, ಆ ಜಾಗದಲ್ಲಿ ಒಬ್ಬರು ಇದ್ದಾರೆ. ಅವರು ಏನು ಮಾಡಿದರು ಅನ್ನೋದು ಪದದೊಳಗೆ ಇಲ್ಲ.

ಇಂಗ್ಲಿಷ್ ಪದದ ಬೇರಿನಲ್ಲೂ ಕೂರುವುದೇ ಇರೋದು ಅಂತ ನೀವು ಹೇಳಬಹುದು. ಹೌದು, ಲ್ಯಾಟಿನ್‌ನಲ್ಲಿ ಅದು ‘ಮುಂದೆ ಕೂರು’. ಕಾಯುವುದು, ರಕ್ಷಿಸುವುದು ಎಂಬ ಅರ್ಥವೂ ಅಲ್ಲಿತ್ತು. ಈಗ ಮಾತ್ರ ಪ್ರಿಸೈಡ್ ಅಂದ್ರೆ ಕೆಲಸ: ಸಭೆ ಶುರು ಮಾಡಿಸೋದು, ಯಾರು ಯಾವಾಗ ಮಾತಾಡಬೇಕು ಅಂತ ನಿರ್ಧರಿಸೋದು, ತಕರಾರು ಬಂದರೆ ತೀರ್ಪು ಕೊಡೋದು, ಮತಕ್ಕೆ ಹಾಕೋದು, ಫಲಿತಾಂಶ ಘೋಷಿಸೋದು, ಸಭೆ ಮುಂದೂಡೋದು.

ಆ ಕೆಲಸ ಕೈತಪ್ಪಿದರೆ ಏನಾಗುತ್ತೆ ಅನ್ನೋದನ್ನು ಗುಜರಾತಿನ ಸೂರತ್ 1907ರಲ್ಲೇ ನೋಡಿದೆ. ಅಲ್ಲಿನ ಕಾಂಗ್ರೆಸ್ ಅಧಿವೇಶನಕ್ಕೆ ರಾಸ್ ಬಿಹಾರಿ ಘೋಷ್ ಅಧ್ಯಕ್ಷರಾಗಬೇಕಿತ್ತು. ತಿಲಕರು ಮಾತಾಡಲು ವೇದಿಕೆ ಹತ್ತಿದರು, ಗಲಾಟೆಯಲ್ಲಿ ಒಂದು ಚಪ್ಪಲಿ ಹಾರಿಬಂತು, ಅಧಿವೇಶನವೇ ಮುರಿದುಬಿತ್ತು. ಘೋಷ್ ಅಧ್ಯಕ್ಷಸ್ಥಾನದಲ್ಲೇ ಇದ್ದರು. ಸಭೆ ಮಾತ್ರ ಅವರ ಕೈಯಲ್ಲಿರಲಿಲ್ಲ.

ಹುದ್ದೆ ಬೇರೆ, ಕೆಲಸ ಬೇರೆ ಅನ್ನೋದನ್ನು ಅತ್ಯಂತ ಸ್ಪಷ್ಟವಾಗಿ ಹೇಳೋದು ನಮ್ಮ ಸಂವಿಧಾನದ 96ನೇ ವಿಧಿ. ಸ್ಪೀಕರ್ ಅವರನ್ನು ಹುದ್ದೆಯಿಂದ ತೆಗೆಯುವ ನಿರ್ಣಯ ಲೋಕಸಭೆಯ ಮುಂದಿರುವಾಗ, ಅವರು ಸದನದಲ್ಲಿ ಹಾಜರಿದ್ದರೂ ಪ್ರಿಸೈಡ್ ಮಾಡುವಂತಿಲ್ಲ. ಆದರೆ ಮಾತಾಡಬಹುದು, ಎಲ್ಲ ಸದಸ್ಯರಂತೆ ಮತವನ್ನೂ ಹಾಕಬಹುದು. ವಿಧಾನಸಭೆಗಳಿಗೆ ಇದೇ ಮಾತನ್ನು 181ನೇ ವಿಧಿ ಹೇಳುತ್ತೆ. ಮೊದಲ ಬಾರಿಗೆ ಇದನ್ನು ಎದುರಿಸಿದವರು ಲೋಕಸಭೆಯ ಮೊದಲ ಸ್ಪೀಕರ್, ಅಹಮದಾಬಾದಿನ ವಕೀಲ ಗಣೇಶ್ ವಾಸುದೇವ ಮಾವಳಂಕರ್. 1954ರ ಡಿಸೆಂಬರ್‌ನಲ್ಲಿ ಅವರ ವಿರುದ್ಧ ಬಂದ ನಿರ್ಣಯ ಬಿದ್ದುಹೋಯಿತು. ಚರ್ಚೆ ನಡೆದಷ್ಟು ಹೊತ್ತೂ ಅವರು ಸ್ಪೀಕರೇ, ಪ್ರಿಸೈಡ್ ಮಾಡುವ ಹಕ್ಕು ಮಾತ್ರ ಅವರಿಗಿರಲಿಲ್ಲ.

ಈಗ ಈ ವಿಧಿಯನ್ನು ಪತ್ರಿಕಾ ಪ್ರಕಟಣೆಯ ಗುಜರಾತಿಗೆ ತನ್ನಿ: ‘ಅಧ್ಯಕ್ಷ್ ಅಧ್ಯಕ್ಷಸ್ಥಾನೇ ಬೇಸಶೇ ನಹಿ’. ಅಧ್ಯಕ್ಷರು ಅಧ್ಯಕ್ಷಸ್ಥಾನದಲ್ಲಿ ಕೂರುವುದಿಲ್ಲ! ಮೊದಲ ಸಲ ಓದಿದವರಿಗೆ ಒಗಟು. ‘ಅಧ್ಯಕ್ಷರು ಅಧ್ಯಕ್ಷತೆ ವಹಿಸತಕ್ಕದ್ದಲ್ಲ’ ಅನ್ನೋ ನಮ್ಮ ಕನ್ನಡವೂ ಇದಕ್ಕಿಂತ ಬಹಳ ಮೇಲೇನಲ್ಲ. ಆದರೂ ‘ವಹಿಸು’ ಅನ್ನುವಲ್ಲಿ ಹೊರುವ ಅರ್ಥ ಸ್ವಲ್ಪ ಉಳಿದಿದೆ, ನನಗೆ ಅದು ಇಷ್ಟ. (ನಮ್ಮ ಸಮಾರಂಭಗಳಲ್ಲಿ ಅಧ್ಯಕ್ಷರು ಹೊರುವುದು ಹಾರ ಮತ್ತು ಶಾಲನ್ನು. ಅಧ್ಯಕ್ಷೀಯ ಭಾಷಣದ ಹೊತ್ತಿಗೆ ಅರ್ಧ ಸಭೆ ಊಟದ ಸಾಲಿನಲ್ಲಿರುತ್ತೆ.)

ಇದೆಲ್ಲ ಪದಪಂಡಿತರ ಜಗಳ ಅನ್ನಿಸಿದರೆ ಒಂದು ಪಂಚಾಯಿತಿಗೆ ಬನ್ನಿ. 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ, ಪಂಚಾಯಿತಿ ಅಧ್ಯಕ್ಷ ಹುದ್ದೆಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿಗೆ ಸಿಕ್ಕಿತು. ಅದರ ಬೆನ್ನಿಗೇ ಗುಜರಾತ್ ಸೇರಿ ಹಲವು ಕಡೆ ‘ಸರಪಂಚ್ ಪತಿ’ ಎಂಬ ಜೀವಿಯೂ ಹುಟ್ಟಿಕೊಂಡಿತು. ಹುದ್ದೆ ಹೆಂಡತಿಯದು, ಸಭೆ ನಡೆಸೋದು ಗಂಡ. ಕರ್ನಾಟಕದಲ್ಲೂ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಕೂತು ಉತ್ತರ ಕೊಡುವ ಪತಿರಾಯರನ್ನು ನಾವೆಲ್ಲ ನೋಡಿದ್ದೇವೆ. ನಡಾವಳಿ ಪುಸ್ತಕದಲ್ಲಿ ಮಾತ್ರ ಎಲ್ಲ ಸರಿ: ಇಂಥವರ ಅಧ್ಯಕ್ಷತೆಯಲ್ಲಿ ಸಭೆ ಸೇರಿತು. ಆಕೆ ಅಲ್ಲಿ ಕೂತಿದ್ದರಲ್ಲ, ‘ಅಧ್ಯಕ್ಷಸ್ಥಾನೇ’ ಅನ್ನೋದು ಸುಳ್ಳೇನಲ್ಲ! ಭಾಷೆ ಇಷ್ಟು ಉದಾರವಾಗಿರುವಾಗ, ಆಕೆ ಒಂದು ಮಾತೂ ಆಡಲಿಲ್ಲ ಅನ್ನೋದು ದಾಖಲೆಯಲ್ಲಿ ಎಲ್ಲಿ ಸಿಗಬೇಕು?

ಹಾಗಾಗಿ ಯಾರಾದರೂ ಗುಜರಾತಿ ಅನುವಾದ ಕೇಳಿದರೆ, ಯಾವ ಸಭೆ ಅಂತ ನಾನು ಮೊದಲು ಕೇಳುತ್ತೇನೆ. ಗುಜರಾತಿ ಸಾಹಿತ್ಯ ಪರಿಷತ್ತಿನ 1936ರ ಅಹಮದಾಬಾದ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿದ್ದರು ಎಂದು ಬರೆಯಬೇಕಾದರೆ ಪ್ರಮುಖಸ್ಥಾನ ಚೆನ್ನಾಗಿ ಒಪ್ಪುತ್ತೆ, ಗೌರವವೂ ಇದೆ. ಆದರೆ ಗ್ರಾಮಸಭೆಯ ಕೈಪಿಡಿಗೆ ಅದು ಬೇಡ. ಅಲ್ಲಿ ‘ಸಭಾನುಂ ಸಂಚಾಲನ ಸರಪಂಚ್ ಕರಶೇ’ ಅಂತಲೇ ಬರೆಯಬೇಕು: ಸಭೆಯನ್ನು ಸರಪಂಚ್ ನಡೆಸುತ್ತಾರೆ. ಸಂಚಾಲನ ಅಂದರೆ ಕಾರ್ಯಕ್ರಮದ ನಿರೂಪಕರ ಕೆಲಸ ಅಲ್ವಾ ಅಂತ ಗುಜರಾತಿಗಳು ಆಕ್ಷೇಪಿಸಬಹುದು, ಅದರಲ್ಲಿ ನ್ಯಾಯವೂ ಇದೆ. ಆದರೆ ಗ್ರಾಮಸಭೆಗೆ ನಿರೂಪಕರನ್ನು ಯಾರೂ ಕರೆಸೋದಿಲ್ಲ. ಯಾರಿಗೆ ಮೊದಲು ಮಾತು, ನಿರ್ಣಯ ಪಾಸಾಯಿತೇ ಇಲ್ಲವೇ ಅಂತ ಹೇಳಬೇಕಾದವರು ಅಲ್ಲಿ ಒಬ್ಬರೇ.